ಬೆಟ್ಟದ ರೇಸಿಗೆ ಹೆಸರು ಕೊಟ್ಟಿದ್ದೀರಾ? ಮೊದಲು ಇಳಿಯೋದನ್ನ ಕಲಿಯಿರಿ

ಊರಿನ ರಸ್ತೆಯಲ್ಲಿ 10 ಕಿ.ಮೀ. ಆರಾಮಾಗಿ ಓಡುವವರಿಗೆ ಒಂದಲ್ಲ ಒಂದು ದಿನ ಬೆಟ್ಟದ ರೇಸಿನ ಹುಚ್ಚು ಹಿಡಿಯುತ್ತದೆ. ಯಾರೋ ಸ್ನೇಹಿತರು ಮಹಾರಾಷ್ಟ್ರದ ಸಾತಾರಾದಲ್ಲಿ ಸಿಕ್ಕ ಮೆಡಲಿನ ಫೋಟೋ ಹಾಕಿರುತ್ತಾರೆ, ಇಲ್ಲಾಂದ್ರೆ ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಮಂಜಿನ ನಡುವೆ ಓಡುವ ವಿಡಿಯೋ ಕಳಿಸಿರುತ್ತಾರೆ. ಆಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: 'ನನ್ನ ಕೈಲಿ ಹತ್ತೋಕೆ ಆಗುತ್ತಾ?'

ಆಗುತ್ತೆ. ಓಡೋಕೆ ಆಗದಿದ್ದರೆ ನಡೆದುಕೊಂಡು ಹತ್ತಿದರಾಯಿತು, ಅಲ್ಲಿ ಮುಕ್ಕಾಲು ಜನ ಮಾಡುವುದೂ ಅದನ್ನೇ. ಮೊದಲ ಸಲ ಹೋದವರನ್ನು ಮಲಗಿಸುವುದು ಏರಲ್ಲ, ಇಳಿಜಾರು. ಹತ್ತುವಾಗ ಉಸಿರು ಕಟ್ಟಿದರೆ ನಿಂತು ಸುಧಾರಿಸಿಕೊಳ್ಳಬಹುದು, ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ಇಳಿಯುವಾಗ ತೊಡೆ ಸೋತರೆ ಮಾತ್ರ ಅವತ್ತಿನ ಮಟ್ಟಿಗೆ ಅದು ವಾಪಸ್ ಬರುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಇಳಿಯುವುದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಯಾವ ರೇಸು?

ನಮ್ಮವರಿಗೆ ಕೈಗೆಟುಕುವ ಬೆಟ್ಟದ ರೇಸುಗಳು ಮುಖ್ಯವಾಗಿ ಎರಡು ಥರ. ಒಂದು ಡಾಂಬರು ಘಾಟಿ ರಸ್ತೆಯ ಓಟ, ಇನ್ನೊಂದು ಮಣ್ಣು ದಾರಿಯ ಓಟ, ಅಂದರೆ ಟ್ರೇಲ್ ರೇಸ್.

ಘಾಟಿ ರಸ್ತೆಗೆ ಒಳ್ಳೆಯ ಉದಾಹರಣೆ ಸಾತಾರಾ ಹಿಲ್ ಹಾಫ್ ಮ್ಯಾರಥಾನ್. 2012ರಲ್ಲಿ ಶುರುವಾದದ್ದು. 2015ರಲ್ಲಿ 2,618 ಜನ ಓಡಿ, ಒಂದೇ ಬೆಟ್ಟದ ಓಟದಲ್ಲಿ ಅತಿ ಹೆಚ್ಚು ಓಟಗಾರರು ಅನ್ನುವ ಗಿನ್ನೆಸ್ ದಾಖಲೆಯೂ ಆಯಿತು. ಊರೊಳಗಿಂದ ಹೊರಟು ಯವತೇಶ್ವರ ಘಾಟಿ ಹತ್ತಿ, ಕಾಸ್ ಪ್ರಸ್ಥಭೂಮಿಗೆ ಹೋಗುವ ರಸ್ತೆಯಲ್ಲಿ ಅರ್ಧ ದಾರಿಗೆ ತಿರುಗಿ, ಬಂದ ದಾರಿಯಲ್ಲೇ ಇಳಿದು ಬರಬೇಕು. ಮಳೆಗಾಲದ ಕೊನೆಯಲ್ಲಿ ನಡೆಯುತ್ತದೆ, ಹಸಿರು, ಮಂಜು, ತುಂತುರು ಮಳೆ, ದಾರಿಯುದ್ದಕ್ಕೂ ಢೋಲು ಬಾರಿಸಿ ಹುರಿದುಂಬಿಸುವ ಊರ ಜನ. ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ಇರುವುದರಿಂದ ಬೆಳಗಾವಿ, ಹುಬ್ಬಳ್ಳಿಯವರಿಗೆ ಬೆಂಗಳೂರಿನ ರೇಸಿಗಿಂತ ಇದೇ ಹತ್ತಿರ. ಆದರೆ ನೋಂದಣಿ ಬೇಗ ಮುಗಿದುಹೋಗುತ್ತದೆ, 'ಆಮೇಲೆ ನೋಡೋಣ' ಅಂದವರು ಮುಂದಿನ ವರ್ಷ ನೋಡಬೇಕಾಗುತ್ತದೆ.

ಮಣ್ಣು ದಾರಿಗೆ ಮಲ್ನಾಡ್ ಅಲ್ಟ್ರಾ. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ ಒಳಗೆ ನಡೆಯುವಂಥದ್ದು, 50 ಕಿ.ಮೀ. ಮತ್ತು ಅದಕ್ಕೂ ಮೇಲಿನ ದೂರಗಳಿಗೆ ಹೆಸರುವಾಸಿ. ಅದನ್ನೇ ಮೊದಲ ರೇಸು ಮಾಡಿಕೊಳ್ಳಬೇಡಿ. ಮೊದಲ ಸಲಕ್ಕೆ 10ರಿಂದ 21 ಕಿ.ಮೀ. ಒಳಗಿನ ಯಾವುದಾದರೂ ಸಾಕು. 50 ಕಿ.ಮೀ. ಓಡಿದೆ ಅಂತ ಹೇಳಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ 15 ಕಿ.ಮೀ. ಬೆಟ್ಟದಲ್ಲೇ ನಿಮ್ಮ ಕಾಲು ಏನು ಅನ್ನುವುದು ನಿಮಗೆ ಗೊತ್ತಾಗುತ್ತದೆ.

ರೇಸಿನ ಪುಟ ತೆರೆದಾಗ ದೂರ ಮಾತ್ರ ನೋಡಿ ಹಣ ಕಟ್ಟುವವರು ಜಾಸ್ತಿ. ಬೆಟ್ಟದ ರೇಸಿನಲ್ಲಿ ದೂರಕ್ಕಿಂತ ಮುಖ್ಯವಾದದ್ದು ಎಲಿವೇಶನ್ ಗೇನ್, ಅಂದರೆ ಒಟ್ಟು ಎಷ್ಟು ಮೀಟರ್ ಹತ್ತುತ್ತೀರಿ ಅನ್ನುವ ಲೆಕ್ಕ. ಟ್ರೇಲ್ ಓಟದವರು ಬಳಸುವ ಒಂದು ಸುಲಭದ ಲೆಕ್ಕ ಇದೆ: ಪ್ರತಿ 100 ಮೀಟರ್ ಏರಿಗೆ 1 ಕಿ.ಮೀ. ಸೇರಿಸಿ. 21 ಕಿ.ಮೀ. ರೇಸಿನಲ್ಲಿ 800 ಮೀಟರ್ ಏರು ಇದ್ದರೆ ಅದು ನಿಮ್ಮ ಕಾಲಿಗೆ 29 ಕಿ.ಮೀ. ಇದ್ದಂತೆ. ನಿಮ್ಮ ಮಾಮೂಲಿ ಹಾಫ್ ಮ್ಯಾರಥಾನ್ ಟೈಮಿಂಗ್ ಇಟ್ಟುಕೊಂಡು 'ಎರಡೂಕಾಲು ಗಂಟೆಗೆ ಮುಗಿಸ್ತೀನಿ' ಅಂತ ಮನೆಯಲ್ಲಿ ಹೇಳಿ ಹೊರಟರೆ ಮನೆಯವರು ಗಾಬರಿಯಾಗಿ ಫೋನ್ ಮಾಡುತ್ತಿರುತ್ತಾರೆ. ಮಣ್ಣು, ಕಲ್ಲು, ಕೆಸರು ಇದ್ದರೆ ಈ ಲೆಕ್ಕದ ಮೇಲೂ ಇನ್ನಷ್ಟು ಸಮಯ ಹಿಡಿಯುತ್ತದೆ.

ಏರಿಳಿತದ ಗ್ರಾಫ್ ಕೊಟ್ಟಿರುತ್ತಾರಲ್ವಾ, ಅದನ್ನು ನೋಡಿ ಹೆದರಬೇಡಿ. ಅದರಲ್ಲಿ ಎತ್ತರವನ್ನು ಎಳೆದು ತೋರಿಸಿರುತ್ತಾರೆ, ಸಣ್ಣ ದಿಬ್ಬವೂ ಗೋಡೆಯ ಥರ ಕಾಣಿಸುತ್ತದೆ. ಅದರಲ್ಲಿ ನೀವು ನೋಡಬೇಕಾದದ್ದು ದೊಡ್ಡ ಏರು ಎಲ್ಲಿದೆ, ಮೊದಲ ಅರ್ಧದಲ್ಲೋ ಕೊನೆಯಲ್ಲೋ, ದೊಡ್ಡ ಇಳಿಜಾರು ಎಷ್ಟು ಉದ್ದ, ಮತ್ತು ಕಟ್-ಆಫ್ ಸಮಯ ಎಷ್ಟು, ಅಂದರೆ ಎಷ್ಟು ಹೊತ್ತಿನೊಳಗೆ ಮುಗಿಸಬೇಕು ಅನ್ನುವುದು. ಕಟ್-ಆಫ್ ಒಳಗೆ ನಡೆದುಕೊಂಡೇ ಮುಗಿಸಬಹುದಾದ ರೇಸು ಮೊದಲ ಸಲಕ್ಕೆ ಹೇಳಿ ಮಾಡಿಸಿದ್ದು.

ತಯಾರಿ

ಸಮತಟ್ಟಾದ ರಸ್ತೆಯಲ್ಲಿ 10 ಕಿ.ಮೀ. ಓಡುವ ಅಭ್ಯಾಸ ಈಗಾಗಲೇ ಇದೆ ಅಂದುಕೊಂಡು ಹೇಳುತ್ತಿದ್ದೇನೆ. ಇಲ್ಲದಿದ್ದರೆ ಮೊದಲು ಅದು ಮಾಡಿ, ಆಮೇಲೆ ಬೆಟ್ಟ. ಇದ್ದರೆ ರೇಸಿಗೆ ಎರಡೂವರೆ–ಮೂರು ತಿಂಗಳು ಮುಂಚೆ ಶುರು ಮಾಡಿದರೆ ಸಾಕಾಗುತ್ತದೆ. ವಾರಕ್ಕೆ ಒಂದು ದಿನ ಏರು, ಒಂದು ದಿನ ಉದ್ದದ ಓಟ, ಉಳಿದ ಒಂದೆರಡು ದಿನ ಸುಮ್ನೆ ಹಗುರ ಓಟ. ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದಿಲ್ಲ.

ಎಲ್ಲಿ ಹತ್ತುವುದು? ಮೈಸೂರಿನವರು ಪುಣ್ಯವಂತರು. ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ, ಒಂದು ಕಡೆ ಸಾವಿರ ಚಿಲ್ಲರೆ ಮೆಟ್ಟಿಲು, ಇನ್ನೊಂದು ಕಡೆ ಡಾಂಬರು ರಸ್ತೆ. ಮೆಟ್ಟಿಲಲ್ಲಿ ಹತ್ತಿ ರಸ್ತೆಯಲ್ಲಿ ಇಳಿದರೆ ಎರಡೂ ಅಭ್ಯಾಸ ಒಂದೇ ಬೆಳಗ್ಗೆ ಮುಗಿಯುತ್ತದೆ. ಶುರುವಿಗೆ ನಂದಿಯವರೆಗೆ ಹೋಗಿ ಬಂದರೂ ಸಾಕು, ಅಲ್ಲಿಗೇ ಸುಮಾರು 700 ಮೆಟ್ಟಿಲಾಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಹೋಗಿ. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಭಕ್ತರಿರುತ್ತಾರೆ, ಅವರಿಗೆ ದಾರಿ ಬಿಡಿ, ಕುಂಕುಮ ಒದ್ದೆಯಾದ ಮೆಟ್ಟಿಲು ಜಾರುತ್ತದೆ ಅನ್ನುವುದೂ ನೆನಪಿರಲಿ. ಆಷಾಢ ಶುಕ್ರವಾರ ಆ ಕಡೆ ತಲೆ ಹಾಕಲೇಬೇಡಿ.

ಬೆಂಗಳೂರಿನವರಿಗೆ ನಂದಿ ಬೆಟ್ಟ. 1,478 ಮೀಟರ್ ಎತ್ತರ, ಹಾವಿನಂಥ ರಸ್ತೆ, ಜೊತೆಗೆ ಹಳೆಯ ಮೆಟ್ಟಿಲು ದಾರಿ. ತೊಂದರೆ ಏನೆಂದರೆ ಶನಿವಾರ ಭಾನುವಾರ ಸೂರ್ಯೋದಯ ನೋಡಲು ಬರುವ ಬೈಕು ಕಾರುಗಳ ಸಾಲು, ತಿರುವಿನಲ್ಲಿ ಅವರಿಗೆ ನೀವು ಕಾಣುವುದಿಲ್ಲ. ರಜೆ ಸಿಕ್ಕರೆ ವಾರದ ದಿನ ಹೋಗಿ. ಚಿತ್ರದುರ್ಗ, ಬಳ್ಳಾರಿ, ಹಂಪಿ ಕಡೆಯವರಿಗೆ ಬಂಡೆ ಗುಡ್ಡಗಳಿಗೆ ಬರವಿಲ್ಲ, ಆದರೆ ಬಿಸಿಲು ಏರುವ ಮೊದಲೇ ಇಳಿದುಬಿಡಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿ ಮಾತ್ರ ಲೆಕ್ಕಕ್ಕೆ ತಗೋಬೇಡಿ. ಅಲ್ಲಿ ಬರಿಗಾಲಲ್ಲೇ ಹತ್ತಬೇಕು, ಬಂಡೆ ಕೊರೆದು ಮಾಡಿದ ಮೆಟ್ಟಿಲು, ಅದು ಓಡುವ ಜಾಗವೂ ಅಲ್ಲ.

ಮಲೆನಾಡಿನ ಕಾಡುದಾರಿಗಳಲ್ಲಿ ಒಬ್ಬೊಬ್ಬರೇ ನಸುಕಿನಲ್ಲಿ ಓಡುವ ಸಾಹಸ ಬೇಡ. ಆನೆ ಇರುವ ಕಡೆ ಬೆಳಗಿನ ಜಾವ ಅದರ ಸಮಯ, ನಿಮ್ಮದಲ್ಲ. ಕುಮಾರ ಪರ್ವತದಂಥ ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಬೇಕು, ಶೂ ಕಟ್ಟಿಕೊಂಡು ನೇರ ಹೋಗಿ ನಿಂತರೆ ಬಿಡುವುದಿಲ್ಲ.

ಬೆಟ್ಟವೇ ಇಲ್ಲದ ಊರಲ್ಲಿದ್ದೀರಾ? ಕೆರೆ ಏರಿ ಹತ್ತಿ ಇಳಿಯಿರಿ, ಫ್ಲೈಓವರಿನ ಪಕ್ಕದ ದಾರಿ ಇದ್ದರೆ ಅದು, ಇಲ್ಲಾಂದ್ರೆ ಅಪಾರ್ಟ್‌ಮೆಂಟಿನ ಮೆಟ್ಟಿಲು. ಮೆಟ್ಟಿಲಿನಲ್ಲಿ ಅಭ್ಯಾಸ ಮಾಡುವವರು ಸಾಮಾನ್ಯವಾಗಿ ಏನು ಮಾಡುತ್ತಾರೆ ಗೊತ್ತಾ? ಹತ್ತು ಮಹಡಿ ಏದುಸಿರು ಬಿಡುತ್ತಾ ಹತ್ತಿ, ಲಿಫ್ಟಿನಲ್ಲಿ ಇಳಿದು ಬರುತ್ತಾರೆ, ಮತ್ತೆ ಹತ್ತುತ್ತಾರೆ. ಎದೆಗೆ ಒಳ್ಳೆಯದು ಸರಿ, ತೊಡೆಗೆ ಬೇಕಾದದ್ದನ್ನೆಲ್ಲ ಲಿಫ್ಟಿಗೆ ಬಿಟ್ಟುಕೊಟ್ಟ ಹಾಗಾಯಿತು. ಇಳಿಯುವುದನ್ನೂ ಕಾಲಲ್ಲೇ ಮಾಡಿ. ಟ್ರೆಡ್‌ಮಿಲ್ ಅನ್ನು ಏರು ಮಾಡಿಕೊಂಡು ನಡೆಯುವವರಿಗೂ ಇದೇ ಮಾತು, ಬಹುತೇಕ ಮಷಿನುಗಳು ಇಳಿಜಾರು ಕೊಡುವುದಿಲ್ಲ. ಅದರ ಜೊತೆ ಮನೆಯಲ್ಲಿ ಬಸ್ಕಿ ಹೊಡೆಯಿರಿ, ಕೆಳಗೆ ಹೋಗುವಾಗ ನಿಧಾನ, ಮೇಲೆ ಬರುವಾಗ ಮಾಮೂಲಿ ವೇಗ.

ಇಳಿಜಾರಿಗೆ ಯಾಕಿಷ್ಟು ಒತ್ತು ಕೊಡುತ್ತಿದ್ದೇನೆ ಅಂದರೆ, ಹತ್ತುವಾಗ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ, ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಎಳೆದುಕೊಳ್ಳುತ್ತಲೇ ಇಡೀ ಮೈಭಾರವನ್ನು ತಡೆದು ಹಿಡಿಯಬೇಕು. ಈ ಎಳೆತದಲ್ಲಿ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ಉಸಿರು ಆರಾಮಾಗಿರುವುದರಿಂದ ಆಗ ಗೊತ್ತಾಗುವುದಿಲ್ಲ, ಖುಷಿಯಾಗಿ ಹಾರಿಕೊಂಡು ಬರುತ್ತೀರಿ. ಒಂದೆರಡು ದಿನ ಬಿಟ್ಟು ನೋವು ಪೂರ್ತಿ ಏರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ದೇಹ ಇದನ್ನು ಬೇಗ ಕಲಿಯುತ್ತದೆ. ಒಂದು ಸಲ ಗಟ್ಟಿ ಇಳಿಜಾರು ಮಾಡಿ, ನೋವು ತಿಂದು, ಸುಧಾರಿಸಿಕೊಂಡರೆ ಮುಂದಿನ ಕೆಲವು ವಾರ ಅದೇ ಇಳಿಜಾರು ಅಷ್ಟು ಪೆಟ್ಟು ಕೊಡುವುದಿಲ್ಲ. ಅದಕ್ಕೇ ರೇಸಿಗೆ ಮುಂಚೆ ಮೂರು–ನಾಲ್ಕು ಸಲವಾದರೂ ಒಳ್ಳೆ ಇಳಿಜಾರು ಓಡಿರಬೇಕು, ಸ್ವಲ್ಪ ಸ್ವಲ್ಪವಾಗಿ ಜಾಸ್ತಿ ಮಾಡುತ್ತಾ. ಕೊನೆಯ ಗಟ್ಟಿ ಇಳಿಜಾರು ರೇಸಿಗೆ ಹತ್ತು ಹದಿನಾಲ್ಕು ದಿನ ಮುಂಚೆ ಮುಗಿದಿರಲಿ. ಹಿಂದಿನ ವಾರ ಹೋಗಿ ಕಾಲು ಪರೀಕ್ಷೆ ಮಾಡಬೇಡಿ.

ಹತ್ತುವುದು ಹೇಗೆ

ಇದನ್ನು ಬೇಗ ಮುಗಿಸುತ್ತೇನೆ. ಹೆಜ್ಜೆ ಚಿಕ್ಕದಿರಲಿ, ಲಯ ತಪ್ಪದಿರಲಿ. ಸೊಂಟದಲ್ಲಿ ಮಡಚಿಕೊಂಡು ಬಗ್ಗಬೇಡಿ, ಹಿಮ್ಮಡಿಯಿಂದ ತಲೆಯವರೆಗೂ ಇಡೀ ಮೈ ಸ್ವಲ್ಪ ಮುಂದಕ್ಕೆ ವಾಲಬೇಕು. ಕೈ ಬೀಸಿ, ಕಾಲು ತಾನಾಗೇ ಬರುತ್ತದೆ. ಕಣ್ಣು ಮೂರು ನಾಲ್ಕು ಮೀಟರ್ ಮುಂದೆ, ಬೆಟ್ಟದ ತುದಿಯ ಮೇಲಲ್ಲ. ತುದಿ ನೋಡಿದರೆ ಮನಸ್ಸು ಮೊದಲೇ ಸೋಲುತ್ತದೆ.

ವಾಚಿನಲ್ಲಿ ಕಾಣುವ ಪೇಸ್, ಅಂದರೆ ಒಂದು ಕಿ.ಮೀ.ಗೆ ಎಷ್ಟು ನಿಮಿಷ ಅನ್ನುವ ಲೆಕ್ಕ, ಬೆಟ್ಟದಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಉಸಿರು ನೋಡಿಕೊಳ್ಳಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಆಡೋಕೆ ಆಗುತ್ತಿದೆ ಅಂದರೆ ಸರಿಯಾದ ವೇಗ. 'ಹೂಂ', 'ಇಲ್ಲ' ಅನ್ನುವಷ್ಟೇ ಉಸಿರಿದ್ದರೆ ನಡೆಯಿರಿ. ಕಡಿದಾದ ಏರಿನಲ್ಲಿ ಓಡುವುದಕ್ಕಿಂತ ನಡೆಯುವುದಕ್ಕೆ ಶಕ್ತಿ ಕಡಿಮೆ ಸಾಕು, ವೇಗದಲ್ಲಿ ಅಂಥ ವ್ಯತ್ಯಾಸವೂ ಇರುವುದಿಲ್ಲ. ದೊಡ್ಡ ದೊಡ್ಡ ರೇಸು ಗೆಲ್ಲುವವರೂ ಮಂಡಿಯ ಮೇಲಿನ ತೊಡೆಗೆ ಅಂಗೈ ಒತ್ತಿ ನಡೆಯುತ್ತಾರೆ. ಒಂದೇ ಮಾತು, ಕಾಲು ಬಿದ್ದುಹೋದ ಮೇಲೆ ನಡೆಯಬೇಡಿ, ಬೀಳುವ ಮೊದಲೇ ನಡೆಯಿರಿ. ಆ ಉಳಿಸಿಟ್ಟ ಕಾಲು ಇಳಿಯುವಾಗ ಬೇಕು.

ಇಳಿಯುವುದು

ಇಳಿಜಾರಿನಲ್ಲಿ ಎಲ್ಲರಿಗೂ ತಾನಾಗೇ ಬರುವ ಅಭ್ಯಾಸ ಹಿಂದಕ್ಕೆ ವಾಲಿ, ಹೆಜ್ಜೆ ಉದ್ದ ಹಾಕಿ, ಹಿಮ್ಮಡಿ ಊರಿ ಬ್ರೇಕ್ ಹಾಕುವುದು. ಭಯಕ್ಕೆ ಹಾಗಾಗುತ್ತದೆ, ತಪ್ಪೇನಿಲ್ಲ, ಆದರೆ ಪ್ರತಿ ಹೆಜ್ಜೆಯ ಪೆಟ್ಟೂ ಮಂಡಿ ಮತ್ತು ತೊಡೆಗೆ ಬೀಳುತ್ತದೆ, ಮೇಲಾಗಿ ಒದ್ದೆ ನೆಲದಲ್ಲಿ ಮೊದಲು ಜಾರುವುದು ಹಿಮ್ಮಡಿಯೇ. ಅದರ ಬದಲು ಹೆಜ್ಜೆ ಇನ್ನೂ ಚಿಕ್ಕದು, ಇನ್ನೂ ಚುರುಕು. ಪಾದ ನಿಮ್ಮ ಮೈಯ ಕೆಳಗೇ ಬೀಳಬೇಕು, ಮುಂದೆ ಚಾಚಬಾರದು. ಮಂಡಿ ಸ್ವಲ್ಪ ಮಡಚಿರಲಿ. ಕೈಗಳನ್ನು ಎರಡೂ ಬದಿಗೆ ಬಿಟ್ಟುಬಿಡಿ, ನೋಡೋಕೆ ಚೆನ್ನಾಗಿರಲ್ಲ ನಿಜ, ಆದರೆ ತೂಕ ಸರಿದೂಗಿಸುವುದು ಅವೇ. ಹಸು ಕಾಯುವ ಹುಡುಗರು ಗುಡ್ಡ ಇಳಿದು ಓಡಿಬರುವುದನ್ನು ಗಮನಿಸಿ, ಯಾರೂ ಹೇಳಿಕೊಡದೆ ಹೀಗೇ ಓಡುತ್ತಾರೆ.

ಕಣ್ಣು ಕಾಲ ಬುಡದಲ್ಲಿ ಇರಬಾರದು. ಮುಂದಿನ ನಾಲ್ಕೈದು ಹೆಜ್ಜೆ ಎಲ್ಲಿ ಬೀಳಬೇಕು ಅಂತ ಕಣ್ಣು ಮೊದಲೇ ಆರಿಸಿಕೊಳ್ಳುತ್ತಾ ಹೋಗಬೇಕು. ಇದು ಓದಿದರೆ ಬರುವುದಿಲ್ಲ, ಸಣ್ಣ ಇಳಿಜಾರಿನಲ್ಲಿ ಹತ್ತಾರು ಸಲ ಮಾಡಿದರೆ ಬರುತ್ತದೆ. ಕಾಫಿ ತೋಟದಲ್ಲಿ ತರಗೆಲೆ ಹಾಸಿದ ದಾರಿ ಮೆತ್ತಗೆ ಕಾಣಿಸುತ್ತದೆ, ಕೆಳಗೆ ಕಲ್ಲೋ ಬೇರೋ ಗುಂಡಿಯೋ ಗೊತ್ತಾಗುವುದಿಲ್ಲ, ಅಲ್ಲಿ ವೇಗ ಇಳಿಸಿ. ಒದ್ದೆ ಬೇರಿನ ಮೇಲೆ ಕಾಲಿಡಲೇಬೇಡಿ, ದಾಟಿ ಹೋಗಿ. ಪಾಚಿ ಹಿಡಿದ ಕಲ್ಲಿಗಿಂತ ಪಕ್ಕದ ಕೆಸರೇ ವಾಸಿ. ಹಳ್ಳ ದಾಟುವಾಗ ಕಲ್ಲಿಂದ ಕಲ್ಲಿಗೆ ಹಾರುವ ಆಟ ಬಿಟ್ಟು ನೀರಿಗೇ ಇಳಿದು ನಡೆದುಬಿಡಿ. ಶೂ ಹೇಗೂ ಒದ್ದೆಯಾಗಿರುತ್ತದೆ.

ಘಾಟಿ ರಸ್ತೆಯಲ್ಲಿ ಬೇರೆ ಕಥೆ. ಡಾಂಬರಿನಲ್ಲಿ ಕಾಲು ಜಾರುವುದು ಕಡಿಮೆ, ಆದ್ದರಿಂದಲೇ ವೇಗ ಕೈಮೀರುತ್ತದೆ. ಸಾತಾರಾದಂಥ ರೇಸಿನಲ್ಲಿ ತಿರುಗುವ ಜಾಗ ಮುಟ್ಟಿದ ತಕ್ಷಣ 'ಇನ್ನೇನು ಎಲ್ಲ ಇಳಿಜಾರೇ' ಅಂತ ಎಲ್ಲರೂ ಬಾಣದಂತೆ ಹೊರಡುತ್ತಾರೆ. ಮೊದಲ ಎರಡು ಕಿ.ಮೀ. ತಡೆದುಕೊಂಡು ಇಳಿಯಿರಿ. ಕೊನೆಯ ಮೂರು ನಾಲ್ಕು ಕಿ.ಮೀ.ನಲ್ಲಿ ಅದೇ ಜನ ರಸ್ತೆ ಪಕ್ಕ ತೊಡೆ ಹಿಡಿದು ನಿಂತಿರುತ್ತಾರೆ, ನೀವು ಓಡುತ್ತಿರುತ್ತೀರಿ. ಇನ್ನೊಂದು, ಹೇರ್‌ಪಿನ್ ತಿರುವಿನ ಒಳಬದಿ ದೂರ ಕಡಿಮೆ ಅನ್ನುವುದು ನಿಜ, ಆದರೆ ಕಡಿದು ಜಾಸ್ತಿ. ರಸ್ತೆ ಪೂರ್ತಿ ಓಟಗಾರರಿಗೇ ಬಿಟ್ಟಿದ್ದರೆ ಸ್ವಲ್ಪ ಹೊರಗಿಂದ ತಿರುಗುವುದು ಕಾಲಿಗೆ ಹಿತ.

ಶೂ, ಬಟ್ಟೆ, ಇಂಬಳ

ಘಾಟಿ ರಸ್ತೆಗೆ ನಿಮ್ಮ ಮಾಮೂಲಿ ರನ್ನಿಂಗ್ ಶೂ ಸಾಕು, ದುಡ್ಡು ಉಳಿಸಿ. ಮಣ್ಣು ದಾರಿಗೆ, ಅದೂ ಮಳೆಗಾಲದಲ್ಲಿ, ಅಡಿಯಲ್ಲಿ ನಾಲ್ಕೈದು ಮಿಲಿಮೀಟರ್ ಹಲ್ಲಿರುವ ಟ್ರೇಲ್ ಶೂ ಬೇಕೇ ಬೇಕು. ನೀರು ಒಳಗೆ ಬರದ ವಾಟರ್‌ಪ್ರೂಫ್ ಶೂ ತಗೊಳ್ಳಿ ಅಂತ ಅಂಗಡಿಯವರು ಹೇಳಬಹುದು. ಮಲೆನಾಡಿಗೆ ಅದು ಬೇಡ, ನೀರು ಮೇಲಿಂದ ಕಾಲ್ಚೀಲದ ದಾರಿಯಲ್ಲಿ ಒಳಗೆ ಬರುತ್ತದೆ, ಆಮೇಲೆ ಹೊರಗೆ ಹೋಗುವುದಿಲ್ಲ. ಜಾಲರಿ ಬಟ್ಟೆಯದೇ ಒಳ್ಳೆಯದು.

ಅಳತೆ ನೋಡುವಾಗ ಸಂಜೆ ಹೋಗಿ, ಕಾಲ್ಚೀಲ ಹಾಕಿಕೊಂಡು ನೋಡಿ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಬೇಕು. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಉಗುರು ಶೂಗೆ ಗುದ್ದಿ ಗುದ್ದಿ ಕಪ್ಪಾಗುವುದು ಆ ಜಾಗ ಇಲ್ಲದಿದ್ದಾಗ. ಮೇಲ್ಭಾಗದಲ್ಲಿ ಒಂದು ಹೆಚ್ಚುವರಿ ತೂತು ಇರುತ್ತದಲ್ವಾ, ಅದು ಸುಮ್ನೆ ಕೊಟ್ಟಿರುವುದಲ್ಲ. ಲೇಸನ್ನು ಅದರಲ್ಲಿ ಕುಣಿಕೆ ಮಾಡಿ ಕಟ್ಟಿದರೆ ಹಿಮ್ಮಡಿ ಅಲುಗಾಡದೆ ಕೂರುತ್ತದೆ. ಉಗುರು ರೇಸಿಗೆ ಎರಡು ಮೂರು ದಿನ ಮುಂಚೆ ಕತ್ತರಿಸಿ. ಹೊಸ ಶೂವನ್ನು ರೇಸಿನ ದಿನ ಉದ್ಘಾಟನೆ ಮಾಡಬೇಡಿ.

ಕಾಟನ್ ಟೀ ಶರ್ಟ್ ಬೇಡ, ಒದ್ದೆಯಾದರೆ ಭಾರ, ಮೇಲೆ ಗಾಳಿಗೆ ಚಳಿ. ತೊಡೆಸಂದು, ಕಂಕುಳು, ಗಂಡಸರಾದರೆ ಎದೆಯ ತೊಟ್ಟಿಗೂ ವ್ಯಾಸಲೀನ್ ಹಚ್ಚಿ. ನಾಚಿಕೊಂಡವರ ಟೀ ಶರ್ಟ್ ಮೇಲೆ ಕೊನೆಯಲ್ಲಿ ಎರಡು ಕೆಂಪು ಗೆರೆ ಇರುತ್ತದೆ. ಮಳೆಯಿದ್ದರೆ ಟೋಪಿ, ತೆಳ್ಳಗಿನ ಮಳೆ ಜಾಕೆಟ್. ಟ್ರೇಲ್ ರೇಸಿನಲ್ಲಿ ವಿಸಿಲ್, ಹೆಡ್‌ಲ್ಯಾಂಪ್, ನೀರಿನ ಬಾಟಲಿ ಕಡ್ಡಾಯ ಅಂತ ಪಟ್ಟಿ ಕೊಟ್ಟಿದ್ದರೆ ಅದನ್ನು ಚಾಚೂ ತಪ್ಪದೆ ತಗೊಂಡು ಹೋಗಿ. ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ದಾರಿಯ ನಕ್ಷೆ ಮೊದಲೇ ಇಳಿಸಿಕೊಂಡಿರಿ, ತೋಟದೊಳಗೆ ಸಿಗ್ನಲ್ ಸಿಗುವುದು ಅದೃಷ್ಟ.

ಇಂಬಳ, ಅಂದರೆ ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆಯ ಬಗ್ಗೆ ಬಯಲುಸೀಮೆಯವರು ಅನವಶ್ಯಕವಾಗಿ ಹೆದರುತ್ತಾರೆ. ಓಡುತ್ತಿರುವಾಗ ಹತ್ತುವುದು ಕಡಿಮೆ, ನಿಂತಾಗ ಹತ್ತುತ್ತದೆ, ಅದರಲ್ಲೂ ಫೋಟೋಕ್ಕೆ ನಿಂತಾಗ. ಸುಣ್ಣ, ಹೊಗೆಸೊಪ್ಪು, ಬೇವಿನೆಣ್ಣೆ ಅಂತ ಒಬ್ಬೊಬ್ಬರದು ಒಂದೊಂದು ಮದ್ದು. ಉದ್ದ ಕಾಲ್ಚೀಲ ಹಾಕಿ ಅದರ ಮೇಲೆ ಏನಾದರೂ ಹಚ್ಚಿಕೊಳ್ಳಿ, ಮಳೆಯಲ್ಲಿ ಎಲ್ಲವೂ ತೊಳೆದುಹೋಗುತ್ತದೆ ಅನ್ನುವುದು ಗೊತ್ತಿರಲಿ. ಕಚ್ಚಿದ್ದರೆ ಎಳೆಯಬೇಡಿ, ಉಗುರನ್ನು ಚರ್ಮಕ್ಕೆ ತಾಗಿಸಿ ಅದರ ಬಾಯಿಯ ಕಡೆಯಿಂದ ಮೆಲ್ಲಗೆ ತಳ್ಳಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಒಂದು ರಸ ಬಿಟ್ಟಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ. ಒತ್ತಿ ಹಿಡಿದರೆ ನಿಲ್ಲುತ್ತದೆ, ಆಮೇಲೆ ತುರಿಸುತ್ತದೆ, ಅಷ್ಟೇ.

ಹೊಟ್ಟೆ ಮತ್ತು ನೀರು

ಹಿಂದಿನ ರಾತ್ರಿ ಅನ್ನ ಸಾರು, ಅನ್ನ ಮೊಸರು, ಏನು ಒಗ್ಗಿದೆಯೋ ಅದು. ಹೋಂಸ್ಟೇಯಲ್ಲಿ ಕಡುಬು ಕೋಳಿಸಾರು ಮಾಡಿ ಪ್ರೀತಿಯಿಂದ ಬಡಿಸುತ್ತಾರೆ, 'ನಾಳೆ ಮಧ್ಯಾಹ್ನಕ್ಕೆ ಇಟ್ಟಿರಿ ಅಮ್ಮ' ಅಂತ ಹೇಳಿಬಿಡಿ. ಬೆಳಗ್ಗೆ ಓಟಕ್ಕೆ ಎರಡು ಗಂಟೆ ಮುಂಚೆ ಇಡ್ಲಿ, ಇಲ್ಲಾಂದ್ರೆ ಬಾಳೆಹಣ್ಣು ಬ್ರೆಡ್ಡು. ಕಾಫಿ ಅಭ್ಯಾಸ ಇದ್ದರೆ ಕುಡಿಯಿರಿ, ಇಲ್ಲದವರು ಅವತ್ತೇ ಶುರು ಮಾಡಬೇಡಿ.

ಒಂದೂವರೆ ಗಂಟೆ ಮೀರುವ ಓಟವಾದರೆ ದಾರಿಯಲ್ಲಿ ಏನಾದರೂ ತಿನ್ನಲೇಬೇಕು. ಓಟಗಾರರು ಹೀರುವ ಸಿಹಿ ಜೆಲ್ಲಿನ ಪ್ಯಾಕೆಟ್ಟೇ ಆಗಬೇಕೆಂದಿಲ್ಲ. ಕಡಲೆಕಾಯಿ ಚಿಕ್ಕಿ, ಖರ್ಜೂರ, ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ, ಎಲ್ಲ ನಡೆಯುತ್ತದೆ. ಏರಿನಲ್ಲಿ ನಡೆಯುವಾಗ ತಿನ್ನಿ, ಇಳಿಯುವಾಗ ಬಾಯಲ್ಲಿ ಏನೂ ಬೇಡ. ಅಭ್ಯಾಸದ ದಿನಗಳಲ್ಲಿ ತಿಂದು ಹೊಟ್ಟೆ ಒಪ್ಪಿದ್ದನ್ನೇ ರೇಸಿಗೂ ಇಟ್ಟುಕೊಳ್ಳಿ.

ನೀರನ್ನು ಬಾಯಾರಿದಾಗ ಕುಡಿಯಿರಿ. ಸಿಕ್ಕಿದ ಕಡೆಯಲ್ಲೆಲ್ಲ ಬರೀ ನೀರನ್ನು ಗಟಗಟ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆಸುತ್ತು, ವಾಂತಿ ಬರುತ್ತದೆ, ತೀರಾ ಜಾಸ್ತಿಯಾದರೆ ಪ್ರಾಣಕ್ಕೇ ಅಪಾಯ. ಓಆರ್‌ಎಸ್ ಬೆರೆಸುವಾಗ ಪ್ಯಾಕೆಟ್ ಮೇಲಿನ ಅಳತೆ ನೋಡಿ, ಲೀಟರಿನ ಪ್ಯಾಕೆಟ್ಟನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯುವವರು ಬಹಳ ಜನ. ನೋವಿನ ಮಾತ್ರೆ ನುಂಗಿ ಓಡುವುದು ಬೇಡವೇ ಬೇಡ. ಬೆವರಿ ನೀರು ಕಡಿಮೆಯಾದ ಮೈಯಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು, ನಲವತ್ತು ದಾಟಿ ಈಗ ತಾನೇ ಓಡಲು ಶುರು ಮಾಡಿದವರು ಡಾಕ್ಟರಿಗೆ ತೋರಿಸಿಕೊಂಡೇ ಹೆಸರು ಕೊಡಿ. ಮೆಡಿಕಲ್ ಸರ್ಟಿಫಿಕೇಟ್ ಕೇಳುವ ರೇಸುಗಳಿವೆ, ಅದಕ್ಕೆ ಸುಮ್ನೆ ಸಹಿ ಹಾಕಿಸಿಕೊಂಡು ಬರುವುದು ನಿಮಗೆ ನೀವೇ ಮಾಡಿಕೊಳ್ಳುವ ಮೋಸ. ಜ್ವರ ಇದ್ದರೆ ಓಡಬೇಡಿ, ಎಷ್ಟೇ ದುಡ್ಡು ಕಟ್ಟಿದ್ದರೂ.

ರೇಸಿನ ದಿನ

ಬಿಬ್ಬನ್ನು, ಅಂದರೆ ಎದೆಗೆ ಚುಚ್ಚಿಕೊಳ್ಳುವ ನಂಬರಿನ ಚೀಟಿಯನ್ನು, ಸಾಮಾನ್ಯವಾಗಿ ಹಿಂದಿನ ದಿನವೇ ಗುರುತಿನ ಚೀಟಿ ತೋರಿಸಿ ತಗೋಬೇಕು, ಅದಕ್ಕೆ ಒಂದು ದಿನ ಮುಂಚೆ ಊರು ತಲುಪುವ ಹಾಗೆ ಬಸ್ಸು ರೈಲು ನೋಡಿಕೊಳ್ಳಿ. ಬಿಬ್ಬಿನ ಹಿಂದೆ ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಬರೆಯುವ ಜಾಗ ಇದ್ದರೆ ಖಾಲಿ ಬಿಡಬೇಡಿ. ಬರೋಕಾಗದ ಸ್ನೇಹಿತನ ಬಿಬ್ ಹಾಕಿಕೊಂಡು ಓಡುವವರಿದ್ದಾರೆ. ನೀವು ದಾರಿಯಲ್ಲಿ ಬಿದ್ದರೆ ಆಸ್ಪತ್ರೆಯವರ ಕೈಗೆ ಸಿಗುವುದು ಅವನ ರಕ್ತದ ಗುಂಪು, ಫೋನ್ ಹೋಗುವುದು ಅವನ ಹೆಂಡತಿಗೆ.

ಶೌಚಾಲಯದ ಸಾಲು ನೀವು ಅಂದುಕೊಂಡದ್ದಕ್ಕಿಂತ ಉದ್ದ ಇರುತ್ತದೆ, ಬೇಗ ಹೋಗಿ. ಓಟ ಶುರುವಾಗುವಾಗ ತೀರಾ ಮುಂದೆ ನಿಲ್ಲಬೇಡಿ. ಒಬ್ಬರೇ ಹೋಗುವಷ್ಟು ಕಿರಿದಾದ ಕಾಲುದಾರಿ ಬಂದಾಗ ಹಿಂದೆ ನಿಮಗಿಂತ ವೇಗದವರು ಸಾಲುಗಟ್ಟುತ್ತಾರೆ, ಅವರ ಒತ್ತಡಕ್ಕೆ ನೀವು ಓಡಬಾರದ ಕಡೆ ಓಡುತ್ತೀರಿ. ಯಾರಾದರೂ ದಾರಿ ಕೇಳಿದರೆ ಪಕ್ಕಕ್ಕೆ ನಿಂತು ಬಿಡಿ. ಇಳಿಯುವವರಿಗೆ ತಕ್ಷಣ ನಿಲ್ಲೋಕೆ ಆಗುವುದಿಲ್ಲ, ಹಾಗಾಗಿ ಎದುರುಬದುರಾದಾಗ ಹತ್ತುವವರು ಸ್ವಲ್ಪ ಸರಿದುಕೊಂಡರೆ ಎಲ್ಲರಿಗೂ ಕ್ಷೇಮ. ಇಳಿಯುವವರೂ ದೂರದಿಂದಲೇ ಕೂಗಿ ಹೇಳಬೇಕು.

ದಾರಿ ಗುರುತಿಗೆ ರಿಬ್ಬನ್ ಕಟ್ಟಿರುತ್ತಾರೆ. ಸ್ವಲ್ಪ ಹೊತ್ತು ಓಡಿದರೂ ಒಂದೂ ಕಾಣಿಸಲಿಲ್ಲ ಅಂದರೆ ನಿಂತು, ಕೊನೆಯ ರಿಬ್ಬನ್ ನೋಡಿದ ಜಾಗಕ್ಕೆ ವಾಪಸ್ ಹೋಗಿ. ಮುಂದಿನವರ ಬೆನ್ನು ನೋಡಿಕೊಂಡು ಹೋಗುವುದು ನಂಬಿಕೆಗೆ ಅರ್ಹವಲ್ಲ, ಅವರೂ ದಾರಿ ತಪ್ಪಿರಬಹುದು. ರಿಬ್ಬನ್ನನ್ನು ದನ ತಿಂದಿರುತ್ತದೆ, ಮಕ್ಕಳು ಕಿತ್ತುಕೊಂಡಿರುತ್ತಾರೆ, ಯಾರನ್ನೂ ಬೈಯಬೇಡಿ. ತಿಂದ ಜೆಲ್ಲಿನ ಕವರು, ಚಿಕ್ಕಿಯ ಕಾಗದ ನಿಮ್ಮ ಜೇಬಿಗೇ ಹೋಗಬೇಕು. ತೋಟದವರು ಬಿಟ್ಟುಕೊಟ್ಟ ದಾರಿ ಅದು, ಮುಂದಿನ ವರ್ಷವೂ ಬಿಡಬೇಕು ತಾನೇ?

ಗುಡುಗು ಸಿಡಿಲು ಶುರುವಾದರೆ ಬೋಳುಗುಡ್ಡದ ನೆತ್ತಿಯಿಂದ ಬೇಗ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಎದೆ ಬಿಗಿದರೆ, ಕಣ್ಣು ಕತ್ತಲೆ ಬಂದರೆ, ಮಾತು ತೊದಲಿದರೆ ಅಲ್ಲೇ ಕೂತು ಯಾರನ್ನಾದರೂ ಕರೆಯಿರಿ, ಅಷ್ಟಕ್ಕೇ ವಿಸಿಲ್ ಕೊಟ್ಟಿರುವುದು. ಕಾಲು ಉಳುಕಿ ಅರ್ಧಕ್ಕೇ ಬಿಡಬೇಕಾಗಿ ಬಂದರೆ ನೀರು ಕೊಡುವ ಜಾಗದಲ್ಲಿ ಸ್ವಯಂಸೇವಕರಿಗೆ ಬಿಬ್ ನಂಬರ್ ಹೇಳಿಯೇ ಹೊರಡಿ. ಹೇಳದೆ ಆಟೋ ಹತ್ತಿ ರೂಮಿಗೆ ಹೋಗಿ ಮಲಗಿದರೆ, ಇತ್ತ ಕತ್ತಲಾದರೂ ನಿಮ್ಮನ್ನು ತೋಟದಲ್ಲಿ ಹುಡುಕುತ್ತಿರುತ್ತಾರೆ.

ಮುಗಿದ ಮೇಲೆ

ಗೆರೆ ದಾಟಿದ ತಕ್ಷಣ ಕೂತುಬಿಡಬೇಡಿ, ಹತ್ತು ನಿಮಿಷ ಮೆಲ್ಲಗೆ ಓಡಾಡಿ. ಒದ್ದೆ ಬಟ್ಟೆ ಬದಲಿಸಿ, ಏನಾದರೂ ತಿನ್ನಿ, ಈಗ ಆ ಕಡುಬು ಕೋಳಿಸಾರು ಆಗಬಹುದು. ಮರುದಿನಕ್ಕಿಂತ ಅದರ ಮರುದಿನ ತೊಡೆ ಜಾಸ್ತಿ ನೋಯುತ್ತದೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡು ಹಿಂದುಹಿಂದಾಗಿ ಇಳಿದರೆ ಸುಲಭ, ಆಫೀಸಿನಲ್ಲಿ ನಗುವವರು ನಗಲಿ. ಮೊದಲ ದಿನ ಜೋರಾಗಿ ಮಸಾಜ್ ಮಾಡಿಸಬೇಡಿ, ಪೆಟ್ಟಾದ ಸ್ನಾಯುವನ್ನು ಮತ್ತೆ ಹಿಸುಕಿದ ಹಾಗಾಗುತ್ತದೆ. ಹಗುರವಾಗಿ ನಡೆದಾಡಿ. ನೋವು ಪೂರ್ತಿ ಹೋದ ಮೇಲೆ ಮತ್ತೆ ಓಟ, ಅದೂ ಸಮತಟ್ಟಾದ ಜಾಗದಲ್ಲಿ. ಒಂದನ್ನು ಮಾತ್ರ ಹಗುರವಾಗಿ ತಗೋಬೇಡಿ: ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ, ಇಲ್ಲವೇ ತೊಡೆ ಊದಿಕೊಂಡು ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಸ್ನಾಯು ತೀರಾ ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹೋಗಿರುವ ಲಕ್ಷಣ ಅದು.

ಕಪ್ಪಾದ ಉಗುರನ್ನು ಕೀಳಬೇಡಿ, ಕೆಳಗೆ ಹೊಸದು ಬಂದ ಮೇಲೆ ತಾನಾಗೇ ಬಿಡುತ್ತದೆ. ಕೆಸರು ಶೂವನ್ನು ಅವತ್ತೇ ತಣ್ಣೀರಿನಲ್ಲಿ ತೊಳೆದು, ಒಳಗೆ ಹಳೆಯ ಪೇಪರ್ ತುರುಕಿ ನೆರಳಿನಲ್ಲಿ ಒಣಗಿಸಿ. ಪೇಪರ್ ಒದ್ದೆಯಾದಾಗ ಬದಲಿಸಿ. ಬಿಸಿಲಲ್ಲಿ ಇಟ್ಟರೆ ಅಂಟು ಬಿಟ್ಟು ಅಡಿ ಕಳಚುತ್ತದೆ. ಶೂ ಮನೆಯೊಳಗೆ ತರುವ ಮೊದಲು ನಾಲಿಗೆ ಎತ್ತಿ ಒಳಗೊಮ್ಮೆ ನೋಡಿ, ಇಂಬಳ ಅಲ್ಲೇ ಕೂತಿರುತ್ತದೆ.